ಸಿಸ್ಟರ್ ಡೆಕ್ಲನ್ ತಿದ್ದದ ವಾಕ್ಯ

ಸಿಸ್ಟರ್ ಡೆಕ್ಲನ್ ಗೋಡೆ ಬಿಟ್ಟು ನಡೆದದ್ದನ್ನು ಕಿಲ್ಬ್ರೆಕನ್ ಊರಿನಲ್ಲಿ ಯಾರೂ ಕಂಡವರಿಲ್ಲ. ಕನ್ಯಾಮಠದ ಉದ್ದನೆಯ ಪಡಸಾಲೆಯಲ್ಲಿ ಸರಿ, ಪೇಟೆಬೀದಿಯಲ್ಲಿ ಸರಿ, ಸಂತೆಯ ದಿನ ದನದ ಲಾರಿಗಳ ಗದ್ದಲದ ನಡುವೆಯೂ ಸರಿ, ಹಿಮ್ಮಡಿಯನ್ನು ನೆಲದಿಂದ ಎತ್ತಿದರೋ ಇಲ್ಲವೋ ಎಂಬಂತೆ, ದೃಷ್ಟಿಯನ್ನು ತಮ್ಮ ಪಾದದ ಮುಂದಣ ಹಾಸುಗಲ್ಲಿನಿಂದ ಆಚೆಗೆ ಹೋಗಗೊಡದೆ, ಭುಜ ಗೋಡೆಗೆ ಸವರುವಷ್ಟು ಅಂಚಿನಲ್ಲಿ ಅವರು ಸರಿದು ಹೋಗುತ್ತಿದ್ದರು. ದಾರಿಯ ನಡುಭಾಗ ಗರ್ವಿಗಳದ್ದು, ಸನ್ಯಾಸಿನಿಯದ್ದು ಅಂಚು ಎಂದು ಹದಿನೆಂಟರ ಪ್ರಾಯದಲ್ಲಿ ಯಾರೋ ಹೇಳಿಕೊಟ್ಟ ಪಾಠ ಅದು. ಹೇಳಿಕೊಟ್ಟವರು ಮಣ್ಣಾದರು, ಉಳಿದ ಸಿಸ್ಟರುಗಳು ಮುಸುಕು ತೆಗೆದು ಸ್ವೆಟರು ತೊಟ್ಟು ಕಾರು ಓಡಿಸತೊಡಗಿದರು, ಅವರ ಸನ್ಯಾಸಿನಿ ಸಭೆಯ ಮೇಲಿನವರೇ ಆ ನಿಯಮವನ್ನು ರದ್ದು ಮಾಡಿದರು. ಸಿಸ್ಟರ್ ಡೆಕ್ಲನ್ ಮಾತ್ರ ಎಂಬತ್ತರ ಹೊಸ್ತಿಲಲ್ಲೂ ಗೋಡೆಯನ್ನೇ ಹಿಡಿದಿದ್ದರು. ಒಮ್ಮೆ ಕಟುಕನ ಅಂಗಡಿಯ ಟೋನಿ ಹಲಿಗನ್ ತನ್ನ ಗೋಡೆಗೆ ಸುಣ್ಣ ಬಳಿದು, ಹಸಿಯಿದೆ ಎಂಬ ಹಲಗೆ ನೇತುಹಾಕಿದ್ದನ್ನೂ ಲೆಕ್ಕಿಸದೆ ಸವರಿಕೊಂಡು ಹೋದವರ ಕೋಟು ಒಂದು ಬದಿ ಪೂರ್ತಿ ಬೆಳ್ಳಗಾಗಿತ್ತು. "ಸಿಸ್ಟರ್, ಎರಡನೇ ಕೋಟಿಂಗ್ ನಾಳೆ ಇದೆ, ಇನ್ನೊಂದು ಪಕ್ಕ ತನ್ನಿ" ಎಂದ ಟೋನಿಗೆ ಅವರು ತಲೆಬಾಗಿ "ದೇವರು ನಿಮ್ಮನ್ನ ಹರಸಲಿ" ಎಂದು ಹೇಳಿ ಮುಂದೆ ಸರಿದರಂತೆ.

ಆ ಕೋಟನ್ನು ಅವರು "ನಮ್ಮ ಕೋಟು" ಎನ್ನುತ್ತಿದ್ದರು. ಅದೊಂದನ್ನೇ ಅಲ್ಲ, ನಮ್ಮ ಕನ್ನಡಕ, ನಮ್ಮ ಮಂಡಿನೋವು, ನಮ್ಮ ಚಹಾ. ಸ್ವಂತದ್ದೆಂಬುದು ಏನೂ ಇರಬಾರದು ಎಂಬ ವ್ರತ ತೊಟ್ಟವರು 'ನನ್ನ' ಎಂಬ ಮಾತನ್ನೇ ಬಾಯಿಂದ ಕಿತ್ತು ಬಿಸಾಡಬೇಕಿದ್ದ ಕಾಲದವರು ಅವರು. ಸತ್ತ ಅಣ್ಣನ ಗಂಡಸರ ಕೋಟು ಅದು, ಒರಟು ಉಣ್ಣೆಯದು. ಜೇಬಿನಲ್ಲಿ ಹುಲ್ಲಿನ ಪಿಂಡಿ ಕಟ್ಟುವ ಹುರಿ ಇನ್ನೂ ಉಳಿದಿತ್ತು. ಡೆಕ್ಲನ್ ಎನ್ನುವುದೂ ಗಂಡಸಿನ ಹೆಸರೇ. ಮನೆಯಲ್ಲಿ ಬ್ರೀಡ್ ಟಾಫ್ ಆಗಿದ್ದ ಹುಡುಗಿಗೆ ಮಠದ ಬಾಗಿಲು ದಾಟಿದ ಮೇಲೆ ಒಬ್ಬ ಸಂತನ ಹೆಸರಿಟ್ಟರು. ಆಕೆ ಅದನ್ನೂ ಕೋಟಿನ ಹಾಗೆಯೇ ತೊಟ್ಟುಕೊಂಡು, ಅಳತೆ ಸರಿಯಾಗಿದೆಯೇ ಎಂದು ಒಮ್ಮೆಯೂ ನೋಡಿಕೊಳ್ಳದೆ, ಜೀವಮಾನವಿಡೀ ಓಡಾಡಿದರು.

ಶಿಲುಬೆ ಹೊತ್ತವನ ಮುಖ ಒರೆಸಿದ ವೆರೋನಿಕಾಳ ಹೆಸರಿನ ಆ ಸಭೆಗೆ ಸಿಸ್ಟರ್ ಡೆಕ್ಲನ್ ದಾಖಲೆಪಾಲಕಿ. ನಲವತ್ತು ವರ್ಷಗಳ ಕಾಲ, ಮಠದ ಹಳೆಯ ಸೇಬಿನ ಉಗ್ರಾಣದಲ್ಲಿ, ಬೂದು ಬಣ್ಣದ ಪೆಟ್ಟಿಗೆಗಳ ಸಾಲುಗಳ ನಡುವೆ, ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಬೆಣ್ಣೆಚೂರಿಯಿಂದ ಬಿಡಿಸುತ್ತಾ ಕೂತವರು. ಆ ಕೋಣೆಯೊಳಕ್ಕೆ ಮಸಿಯ ಪೆನ್ನು ಬರಕೂಡದು, ಬರೆದುಕೊಳ್ಳುವುದಿದ್ದರೆ ಪೆನ್ಸಿಲು. ಹಿಂದೊಮ್ಮೆ ಬಿಷಪ್ಪರೇ ಖುದ್ದಾಗಿ ಬಂದು, ಚರ್ಚಿನ ಪಕ್ಕದ ಹೊಲದ ಗಡಿ ನೋಡಬೇಕೆಂದು ಹಳೆಯ ಪತ್ರವೊಂದನ್ನು ಕೇಳಿದಾಗ, ಅವರ ಎದೆಯ ಮೇಲಿನ ಬಂಗಾರದ ಶಿಲುಬೆಯ ಪಕ್ಕದಲ್ಲಿದ್ದ ಪೆನ್ನಿನ ಕಡೆ ಬೆರಳು ತೋರಿಸಿ, "ಅದು ಹೊರಗೆ, ಮಹಾಸ್ವಾಮಿಗಳೇ" ಎಂದಿದ್ದರು. ಬಿಷಪ್ಪರು ನಕ್ಕರು. ಇವರು ನಗಲಿಲ್ಲ. ಪೆನ್ನು ಹೊರಗೇ ಉಳಿಯಿತು. ಊರೆಲ್ಲ ಈ ಕಥೆಯನ್ನು ಮೆಚ್ಚಿ ಹೇಳುತ್ತಿತ್ತು, ನಾನೂ ನಾಲ್ಕು ಕಡೆ ಹೇಳಿದ್ದೇನೆ. ಬಿಷಪ್ಪನೆದುರು ಸೊಂಟ ಬಗ್ಗಿಸದ ಹೆಂಗಸೊಬ್ಬಳು ನಮ್ಮ ದೇಶದಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಆ ಧೈರ್ಯ ಮಸಿಯಿಂದ ಕಾಗದವನ್ನು ಕಾಯಲು ಮಾತ್ರ ಇತ್ತು ಎನ್ನುವುದು ಆಗ ಗೊತ್ತಿರಲಿಲ್ಲ.

ಏನಿತ್ತು ಆ ಪೆಟ್ಟಿಗೆಗಳಲ್ಲಿ? ಗೋಪುರ ಕಟ್ಟಿದ ಮೇಸ್ತ್ರಿಯ ಕಾಗದವಿತ್ತು, ಆರ್ಗನ್ ವಾದ್ಯ ಯಾವ ಹಡಗಿನಲ್ಲಿ ಬಂತೆಂಬುದಿತ್ತು, ಯಾವ ಕಾರ್ಡಿನಲ್ಲರು ಯಾವ ವರ್ಷ ಬಂದು ಬಾತುಕೋಳಿ ತಿಂದರೆಂಬುದಿತ್ತು. ಮಠದ ಬೆನ್ನಿಗಿದ್ದ ಲಾಂಡ್ರಿಯಲ್ಲಿ ಎರಡು ತಲೆಮಾರು ಹೆಂಗಸರು ಊರಿನ ಹೋಟೆಲುಗಳ ಹಾಸಿಗೆವಸ್ತ್ರವನ್ನೂ ಪಾದ್ರಿಗಳ ನಿಲುವಂಗಿಯನ್ನೂ ಸಂಬಳವಿಲ್ಲದೆ ಒಗೆದರಲ್ಲ, ಕೀಲಿ ಹಾಕಿದ ಬಾಗಿಲ ಹಿಂದೆ ಉಗಿಯಲ್ಲಿ ಬೆಂದರಲ್ಲ, ಅವರ ಬಗ್ಗೆ ಹೆಸರು, ಬಂದ ದಿನ, ಹೋದ ದಿನ. ಹೋದ ದಿನ ಎಂದರೆ ಕೆಲವರಿಗೆ ಸತ್ತ ದಿನ. ಅಷ್ಟೇ.

ಆದರೆ ಸಿಸ್ಟರುಗಳ ಸಾವಿಗೆ ಆ ಸಭೆಯಲ್ಲಿ ಬೇರೆಯೇ ಮರ್ಯಾದೆ. ಒಬ್ಬ ಸಿಸ್ಟರ್ ತೀರಿಕೊಂಡರೆ ಅವರ ಬದುಕಿನ ಮೇಲೆ ಒಂದು ಪುಟದ ಸ್ಮರಣಪತ್ರ ಬರೆಯಬೇಕು, ಊಟದ ಮನೆಯಲ್ಲಿ ಎಲ್ಲರೂ ಮೌನವಾಗಿ ಉಣ್ಣುತ್ತಿರುವಾಗ ಅದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಪೆಟ್ಟಿಗೆಗೆ. ಬರೆಯುವವರು ಸಿಸ್ಟರ್ ಡೆಕ್ಲನ್. ಅವುಗಳಲ್ಲಿ ಕೆಲವನ್ನು ನಾನು ಓದಿದ್ದೇನೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಸಿಕ್ಕಿದ್ದನ್ನೆಲ್ಲ ಓದಿ ಬರೆಯಲು ಕಲಿತ ನನ್ನಂಥವರಿಗೆ ಹೊಟ್ಟೆಕಿಚ್ಚಾಗುವ ಗದ್ಯ ಅದು. ಅಡುಗೆಮನೆಯ ಒಬ್ಬ ಸಿಸ್ಟರ್ ಹಿಟ್ಟು ನಾದುವಾಗ ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತಿದ್ದುದನ್ನು ಒಂದು ಸಾಲಿನಲ್ಲಿ ಬರೆದು, ಸತ್ತವರನ್ನು ಓದುಗರ ಎದುರಿಗೆ ತಂದು ನಿಲ್ಲಿಸಿಬಿಡುತ್ತಿದ್ದರು.

ಈ ಸ್ಮರಣಪತ್ರವೇ ನನ್ನ ನೆರೆಮನೆಯ ಡಿಂಫ್ನಾ ಕೀವನಿ ಕೇಳಿದ್ದು.

ಡಿಂಫ್ನಾ ಶಾಲೆಯ ಬಸ್ಸು ಓಡಿಸುವವಳು. ಅರವತ್ತರ ಹೆಂಗಸು, ದನಿ ಬಸ್ಸಿನ ಹಾರನ್ನಿನಷ್ಟೇ ದೊಡ್ಡದು. ಅವಳು ಏಳು ವರ್ಷದ ಕೂಸಾಗಿದ್ದಾಗ ಅಕ್ಕ ಟೆಸ್ಸಿ ಒಂದು ಬೆಳಿಗ್ಗೆ ಮನೆಯಲ್ಲಿರಲಿಲ್ಲ. ಇಂಗ್ಲೆಂಡಿಗೆ ಹೋದಳು ಎಂದರು. ತಾಯಿ ಸತ್ತ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಗುವ ಹದಿನೇಳರ ಹುಡುಗಿ ಇರುವುದು ಊರಿಗೆ ಕ್ಷೇಮವಲ್ಲ ಎಂದು ಪಾದ್ರಿ ಅಪ್ಪನಿಗೆ ಹೇಳಿ, ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಲಾಂಡ್ರಿಗೆ ಬಿಟ್ಟುಬಂದದ್ದನ್ನು ಡಿಂಫ್ನಾಗೆ ಹೇಳಿದ್ದು ಸೋದರತ್ತೆ, ಅದೂ ಸಾಯುವ ಮುಂಚೆ. ಅಕ್ಕ ಇಂಗ್ಲೆಂಡಿನಲ್ಲಿ ಮಕ್ಕಳುಮರಿಯೊಂದಿಗೆ ಇದ್ದಾಳೆಂದು ನಂಬಿ, ತನ್ನನ್ನು ಮರೆತಳೆಂದು ಅರ್ಧ ಆಯುಷ್ಯ ಸಿಟ್ಟು ಮಾಡಿಕೊಂಡಿದ್ದವಳಿಗೆ, ಆ ಅಕ್ಕ ತನ್ನ ಬಸ್ಸು ದಿನಾ ತಿರುಗುವ ತಿರುವಿನ ಗೋಡೆಯಾಚೆಗೇ ಒಂಬತ್ತು ವರ್ಷ ಬಟ್ಟೆ ಒಗೆದು, ನ್ಯುಮೋನಿಯಾದಲ್ಲಿ ಸತ್ತು, ಅಲ್ಲೇ ಮಣ್ಣಾಗಿದ್ದಾಳೆಂದು ಗೊತ್ತಾಯಿತು. ಬರೆದು ಕೇಳಿದ್ದಕ್ಕೆ ಮಠ ಎರಡು ತಾರೀಖು ಕಳಿಸಿತು.

ಆ ವರ್ಷ ಮಠದ ಕಟ್ಟಡ ಮಾರಾಟಕ್ಕಿತ್ತು. ಹೆಂಗಸರ ಗೋರಿಗಳಿಗೆಲ್ಲ ಸೇರಿ ಒಂದು ಕಲ್ಲು ನೆಡುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಎಂದರು. ಡಿಂಫ್ನಾ ನನ್ನನ್ನೂ ಎಳೆದುಕೊಂಡು ಸೇಬಿನ ಉಗ್ರಾಣಕ್ಕೆ ನಡೆದಳು.

"ಕೂತ್ಕೊಳ್ಳಮ್ಮ" ಎಂದರು ಸಿಸ್ಟರ್ ಡೆಕ್ಲನ್. "ಪೆನ್ನಿದ್ರೆ ಹೊರಗಿಟ್ಟು ಬನ್ನಿ."

"ಪೆನ್ನಿಲ್ಲ ಸಿಸ್ಟರ್. ಬಸ್ಸಿನ ಕೀ ಇದೆ, ಅದನ್ನೂ ಇಡ್ಲಾ?"

ಲಾಂಡ್ರಿಯ ಪೆಟ್ಟಿಗೆಗಳಿಗೆ ನೂರು ವರ್ಷದ ನಿಯಮವಿದೆ, ಅಲ್ಲಿಯವರೆಗೆ ತೆಗೆಯುವ ಹಾಗಿಲ್ಲ, ಆ ಹೆಣ್ಣುಮಕ್ಕಳ ಮಾನ ಕಾಯುವುದಕ್ಕೇ ಇದು ಎಂದು ಸಿಸ್ಟರ್ ಮೆಲುದನಿಯಲ್ಲಿ ವಿವರಿಸಿದರು.

"ಯೇಸುಸ್ವಾಮಿ ಗೋರಿಯಿಂದ ಎದ್ದು ಬರೋಕೆ ಮೂರು ದಿನ ಸಾಕಾಯ್ತು" ಎಂದಳು ಡಿಂಫ್ನಾ. "ನಮ್ಮ ಟೆಸ್ಸಿ ನಿಮ್ಮ ಡಬ್ಬದಿಂದ ಏಳೋಕೆ ನೂರು ವರ್ಷ ಬೇಕಾ? ಇರ್ಲಿ ಬಿಡಿ. ಡಬ್ಬ ನೀವೇ ಇಟ್ಕೊಳ್ಳಿ. ನಿಮ್ಮ ಸಿಸ್ಟರುಗಳು ಸತ್ರೆ ಒಂದು ಪುಟ ಬರೀತೀರಲ್ಲ, ಅದನ್ನ ನಮ್ಮ ಅಕ್ಕನಿಗೂ ಬರೀರಿ. ಕಲ್ಲು ನೆಡೋ ದಿನ ಓದಿ. ಆಮೇಲೆ ನಿಮ್ಮ ಸಿಸ್ಟರುಗಳ ಪೆಟ್ಟಿಗೇಲೇ ಇಡಿ, ಅವರ ಪಕ್ಕದಲ್ಲೇ."

"ಅದು ಸಭೆಯವರಿಗೆ ಮಾತ್ರ ಅಮ್ಮ. ಮತ್ತೆ ಆಧಾರ ಬೇಕು. ದಾಖಲೆ ಇಲ್ದೆ ಬರೆಯೋ ಹಾಗಿಲ್ಲ."

"ನೀವೇ ಇದ್ರಲ್ಲ ಸಿಸ್ಟರ್. ಅವಳು ಬಟ್ಟೆ ಒಗೀತಿದ್ದಾಗ ನೀವು ಇದೇ ಮನೇಲಿದ್ರಿ. ನೋಡಿದೀರಿ."

ಸಿಸ್ಟರ್ ಡೆಕ್ಲನ್ ಚೂರಿ ಕೆಳಗಿಟ್ಟರು. ಆಮೇಲೆ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

"ನಾವು ಆಧಾರ ಅಲ್ಲಮ್ಮ."

ಕೊಲೆಗಾರನೊಬ್ಬ ನಾನು ಅಲ್ಲಿರಲಿಲ್ಲ ಎಂದರೆ ಅರ್ಥವಾಗುತ್ತದೆ. ಇಲ್ಲಿ ಕಣ್ಣು, ಕಿವಿ, ನೆನಪು ಎಲ್ಲವೂ ನೆಟ್ಟಗಿರುವ ಹೆಂಗಸೊಬ್ಬಳು, ನಾನಿದ್ದೆ, ನೋಡಿದೆ, ಆದರೆ ನನ್ನ ನೋಟಕ್ಕೆ ಮುದ್ರೆ ಬಿದ್ದಿಲ್ಲವಾದ್ದರಿಂದ ಅದು ನಡೆಯಲೇ ಇಲ್ಲ ಎನ್ನುತ್ತಿದ್ದಾಳೆ. ವಿನಯದ ವ್ರತವನ್ನು ಎಳೆಎಳೆಯಾಗಿ ನೂಲುತ್ತಾ ಹೋಗಿ ಕಡೆಗೆ ಅದರಿಂದ ತನ್ನ ಸಾಕ್ಷಿಯ ಕುತ್ತಿಗೆಯನ್ನೇ ಬಿಗಿಯುವ ವಿದ್ಯೆ ಇದು. ಡಿಂಫ್ನಾ ಮಾತ್ರ ಎದ್ದು, "ಯೋಚನೆ ಮಾಡಿ ಸಿಸ್ಟರ್, ನಾನು ದಿನಾ ಈ ತಿರುವಲ್ಲೇ ತಿರುಗೋದು" ಎಂದಳು. ಮರುದಿನದಿಂದ ಆ ತಿರುವಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಬಸ್ಸು ತುಂಬ ಮಕ್ಕಳಿರುವಾಗ, ಉದ್ದಕ್ಕೆ ಹಾರನ್ ಹೊಡೆಯತೊಡಗಿದಳು.

ಸೆಪ್ಟೆಂಬರಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಟೆಸ್ಸಿ ಕೀವನಿಯ ಸ್ಮರಣಪತ್ರದ ಪ್ರತಿ.

ಡಿಂಫ್ನಾಳ ಅಡುಗೆಮನೆಯಲ್ಲಿ ನಾವಿಬ್ಬರೂ ಅದನ್ನು ಓದಿದೆವು. ಟೆಸ್ಸಿ ಇಸ್ತ್ರಿ ಮಾಡುವಾಗ ಸೀಟಿ ಹೊಡೆಯುತ್ತಿದ್ದಳು. ಸೀಟಿ ನಿಷಿದ್ಧವಾದ್ದರಿಂದ ತುಟಿಯನ್ನು ಸೀಟಿಯ ಆಕಾರಕ್ಕೆ ತಂದು ಬರೀ ಉಸಿರು ಬಿಡುತ್ತಿದ್ದಳು, ಆದರೂ ಅಕ್ಕಪಕ್ಕದ ಮೇಜಿನವರಿಗೆ ರಾಗ ಗೊತ್ತಾಗುತ್ತಿತ್ತು. ಬಿಷಪ್ಪರ ನಿಲುವಂಗಿಯ ಲೇಸನ್ನು ಅವಳಷ್ಟು ನಯವಾಗಿ ಮಟ್ಟ ಮಾಡುವವರು ಇರಲಿಲ್ಲ. ಕ್ರಿಸ್ಮಸ್ಸಿಗೆ ಕೊಟ್ಟ ಕಿತ್ತಳೆಯ ಸಿಪ್ಪೆಯನ್ನು ತಿಂಗಳುಗಟ್ಟಲೆ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದಳು. ತನಗೊಬ್ಬ ಪುಟ್ಟ ತಂಗಿ ಇದ್ದಾಳೆಂದೂ ಅವಳ ದನಿ ಬಹಳ ದೊಡ್ಡದೆಂದೂ ಹೇಳುತ್ತಿದ್ದಳು. ಡಿಂಫ್ನಾ ಆ ಸಾಲಿಗೆ ಬಂದಾಗ ಕಾಗದವನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತಳು. ಅವಳಿಗೆ ಅಕ್ಕ ಸಿಕ್ಕಿದ್ದಳು. ಕೊಟ್ಟದ್ದು ಸಿಸ್ಟರ್ ಡೆಕ್ಲನ್. ಅದನ್ನು ನಾನು ಅಲ್ಲಗಳೆಯಲಾರೆ.

ಕೊನೆಯ ಪ್ಯಾರಾದಲ್ಲಿ ಹೀಗಿತ್ತು: "ಹದಿನೇಳನೆಯ ವಯಸ್ಸಿನಲ್ಲಿ ಸ್ವಇಚ್ಛೆಯಿಂದ ನಮ್ಮ ಬಳಿಗೆ ಬಂದ ಆಕೆ, ಸ್ವಇಚ್ಛೆಯಿಂದಲೇ ಕೊನೆಯ ಉಸಿರಿನವರೆಗೆ ನಮ್ಮೊಡನೆ ಉಳಿದಳು."

ಮತ್ತೆ ಸೇಬಿನ ಉಗ್ರಾಣ. ಈ ಸಲ ಡಿಂಫ್ನಾ ಕೂರಲಿಲ್ಲ.

"ಪುಟ ಚೆನ್ನಾಗಿದೆ ಸಿಸ್ಟರ್, ಋಣಿಯಾಗಿದೀನಿ. ಈ ಒಂದು ವಾಕ್ಯ ತೆಗೀರಿ."

"ಅದು ಎಲ್ಲಾ ಸ್ಮರಣಪತ್ರದಲ್ಲೂ ಇರುತ್ತಮ್ಮ. ಅದಿಲ್ದೆ ಸ್ಮರಣಪತ್ರ ಆಗಲ್ಲ. ಸಭೆ ಕಟ್ಟಿದ ಮೊದಲನೇ ಮದರ್ ಕಾಲದಿಂದ ಇದೆ. ನಾಳೆ ನಮ್ಮದರಲ್ಲೂ ಇರುತ್ತೆ." ಸಿಸ್ಟರ್ ಕಣ್ಣಿನಲ್ಲಿ ನಿಜವಾದ ನೋವಿತ್ತು. "ಸಿಸ್ಟರುಗಳಿಗೆ ಕೊಡೋ ಮರ್ಯಾದೇನೇ ನಿಮ್ಮ ಅಕ್ಕನಿಗೂ ಕೊಟ್ಟಿದೀವಿ. ಒಂದಕ್ಷರ ಕಡಿಮೆ ಮಾಡಿಲ್ಲ."

ಅವರು ಹೇಳಿದ್ದು ಕಪಟವಲ್ಲ. ತಮ್ಮಲ್ಲಿದ್ದ ಅತ್ಯುನ್ನತ ಬಿರುದನ್ನು ತಂದು, ಕೈದಿಯ ಎದೆಗೆ ಚುಚ್ಚಿ, ಯಾಕೆ ರಕ್ತ ಬಂತೆಂದು ಬೆರಗಾಗಿ ನಿಂತಿದ್ದರು.

"ನಿಮ್ಮದರಲ್ಲಿ ಇರ್ಲಿ. ನೀವು ಬಂದ್ರಿ. ಅವಳನ್ನ ತಂದು ಹಾಕಿದ್ರು" ಎಂದಳು ಡಿಂಫ್ನಾ. "ಬ್ರೆಡ್ ವ್ಯಾನಿನ ಮಾಟಿ ಟನ್ನಿ ಇನ್ನೂ ಬದುಕಿದಾನೆ ಸಿಸ್ಟರ್, ವೃದ್ಧಾಶ್ರಮದಲ್ಲಿ. ಬಂದ ಎರಡನೇ ವರ್ಷ ಟೆಸ್ಸಿ ಅವನ ವ್ಯಾನಲ್ಲಿ, ಬ್ರೆಡ್ಡಿನ ತಟ್ಟೆಗಳ ಹಿಂದೆ ಅಡಗಿಕೊಂಡು ಓಡಿಹೋದ್ಲು. ಸಂಜೆಗೆ ಪೊಲೀಸ್ನೋರು ಹಿಡ್ಕೊಂಡು ಬಂದು ಬಿಟ್ರು. ಇವಳೇನಾ ಅಂತ ಗುರುತು ಹೇಳೋಕೆ ಅವನನ್ನೂ ಕರ್ಕೊಂಡು ಬಂದಿದ್ರಂತೆ. ಬಾಗಿಲು ತೆಗೆದೋರು ಯಾರು ಗೊತ್ತಾ ಅಂತ ಕೇಳಿದೆ. ಗಂಡಸಿನ ಹೆಸರಿನ ಸಿಸ್ಟರು ಅಂದ."

ಉಗ್ರಾಣದಲ್ಲಿ ಒಲೆ ಇರಲಿಲ್ಲ. ನಮ್ಮೆಲ್ಲರ ಉಸಿರೂ ಕಾಣುತ್ತಿತ್ತು.

"ಆಗ ನಮಗೆ ಬಾಗಿಲಿನ ಕೆಲಸ" ಎಂದರು ಸಿಸ್ಟರ್ ಡೆಕ್ಲನ್. "ಯಾರು ತಟ್ಟಿದ್ರೂ ತೆಗೀಬೇಕಿತ್ತು."

"ಒಳಗಿಂದ ತಟ್ಟಿದ್ರೆ?"

ಸಿಸ್ಟರ್ ಮುಂದಿದ್ದ ಕಾಗದದ ಮೂಲೆಯ ತುಕ್ಕಿನ ಪಿನ್ನಿನ ಕೆಳಗೆ ಚೂರಿ ತೂರಿಸಿ, ಅದು ಬಿಟ್ಟು ಬರುವವರೆಗೂ ತಲೆ ಎತ್ತಲಿಲ್ಲ.

ಕಲ್ಲು ನೆಟ್ಟದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಲಾಂಡ್ರಿಯ ಹಿಂದಿನ ಹುಲ್ಲಿನಲ್ಲಿ, ಉಳಿದ ಹಣ್ಣುಹಣ್ಣಾದ ಸಿಸ್ಟರುಗಳು ಕಂಬಳಿ ಹೊದ್ದು ಕುರ್ಚಿಗಳಲ್ಲಿ ಕೂತಿದ್ದರು. ಪಾದ್ರಿ ನೀರು ಚಿಮುಕಿಸಿದ. ಸಿಸ್ಟರ್ ಡೆಕ್ಲನ್ ಅಣ್ಣನ ಕೋಟಿನ ಮೇಲೆ ಹಳೆಯ ಮುಸುಕು ಧರಿಸಿ ಓದಲು ನಿಂತರು. ಅವರ ಓದು ಕೇಳಬೇಕು. ಏರಿಳಿತವಿಲ್ಲ, ನಾಟಕವಿಲ್ಲ, ಪ್ರತಿ ಮಾತಿಗೂ ಒಂದೇ ತೂಕ. ಸೀಟಿಯ ಮಾತಿಗೆ ಮುದುಕಿ ಸಿಸ್ಟರೊಬ್ಬರು ನಕ್ಕರು. ಕಿತ್ತಳೆಯ ಮಾತಿಗೆ ಯಾರೋ ಮೂಗು ಸೀಟಿದರು. ಆಮೇಲೆ, "ಹದಿನೇಳನೆಯ ವಯಸ್ಸಿನಲ್ಲಿ ಸ್ವಇಚ್ಛೆಯಿಂದ ನಮ್ಮ ಬಳಿಗೆ ಬಂದ ಆಕೆ..." ಎಂದು ಆ ವಾಕ್ಯ ಪೂರ್ತಿಯಾಗಿ, ಮಿಕ್ಕವುಗಳ ತೂಕದಲ್ಲೇ, ಹೊರಬಂತು.

"ಅದು ಹಾಗಲ್ಲ ಸಿಸ್ಟರ್" ಎಂದಳು ಡಿಂಫ್ನಾ. ಎಂದೂ ಇಲ್ಲದ ಸಣ್ಣ ದನಿಯಲ್ಲಿ. "ಮತ್ತೆ ಓದಿ."

ಅವಳಿಗೆ ಗೊತ್ತಿರಲಿಲ್ಲ, ಆದರೆ ಮಠದ ಊಟದ ಮನೆಯಲ್ಲಿ ಓದುವವರು ತಪ್ಪಿದರೆ ಮದರ್ ಹೇಳುತ್ತಿದ್ದುದು ಇದೇ ಎರಡು ಮಾತು. ಹೇಳಿದ ಮೇಲೆ ವಾದವಿಲ್ಲ, ಕಾರಣ ಕೇಳುವುದಿಲ್ಲ. ಓದುವಾಕೆ ತಲೆಬಾಗಿ, ವಾಕ್ಯದ ಮೊದಲಿಗೆ ಹೋಗಿ, ಸರಿಯಾಗಿ ಓದಬೇಕು. ಅರವತ್ತು ವರ್ಷ ಹಾಗೆ ಪಳಗಿದ ಶರೀರ, ಬಸ್ಸು ಓಡಿಸುವ ಹೆಂಗಸಿನ ಮಾತಿಗೆ ತಲೆಬಾಗಿತು. ಸಿಸ್ಟರ್ ಡೆಕ್ಲನ್ ವಾಕ್ಯದ ಮೊದಲಿಗೆ ಹೋದರು. "ಹದಿನೇಳನೆಯ ವಯಸ್ಸಿನಲ್ಲಿ" ಎಂದರು. ನಿಂತರು. ತುಟಿ ಮುಂದಿನ ಮಾತಿನ ಆಕಾರಕ್ಕೆ ಬಂತು, ದನಿ ಬರಲಿಲ್ಲ. ಕುರ್ಚಿಯಲ್ಲಿದ್ದವರೆಲ್ಲ ತಂತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಕೊನೆಗೆ ಬಹಳ ಮೆಲ್ಲಗೆ ಬಂತು: "ಹದಿನೇಳನೆಯ ವಯಸ್ಸಿನಲ್ಲಿ ಆಕೆಯನ್ನು ನಮ್ಮ ಬಳಿಗೆ ತರಲಾಯಿತು. ಆಕೆ ಹೋದಳು. ಮತ್ತೆ ತರಲಾಯಿತು. ನಾವು ಬಾಗಿಲು ತೆಗೆದೆವು." ಓದುತ್ತಿದ್ದ ದನಿಯಲ್ಲೇ, ಕಾಗದದ ಮೇಲೆ ಹಾಗೆಯೇ ಬರೆದಿದೆಯೇನೋ ಎಂಬಂತೆ.

ಡಿಂಫ್ನಾ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಳು. ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಕಥೆ. ಊರಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ನಾನು ನಿಲ್ಲಿಸಲಾರೆ.

ಚಹಾದ ಹೊತ್ತಿಗೆ, ಒಣದ್ರಾಕ್ಷಿಯ ಬ್ರೆಡ್ಡಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿರುವಾಗ, ಡಿಂಫ್ನಾ ಕೇಳಿದಳು: "ಈಗ ಓದಿದ ಹಾಗೇನೇ ಕಾಗದದಲ್ಲೂ ತಿದ್ದಿ ಇಡ್ತೀರಲ್ಲ ಸಿಸ್ಟರ್?"

ಸಿಸ್ಟರ್ ಡೆಕ್ಲನ್ ಅವಳನ್ನು ಮಗುವನ್ನು ನೋಡುವಂತೆ ನೋಡಿದರು. "ಮೂಲಪ್ರತಿ ನಿನ್ನೇನೇ ನಮ್ಮ ಸಿಸ್ಟರುಗಳ ಪೆಟ್ಟಿಗೆಗೆ ಸೇರಿತಮ್ಮ. ಸಂಖ್ಯೆ ಬಿದ್ದಿದೆ. ಸೇರಿದ ಮೇಲೆ ದಾಖಲೆ ತಿದ್ದೋ ಹಾಗಿಲ್ಲ. ಅದು ಮಹಾಪರಾಧ."

"ಸುಳ್ಳು ಅಂತ ನೀವೇ ಈಗ ತಾನೆ ಹೇಳಿದ್ರಿ."

"ಹೇಳಿದ್ವಿ. ಹೇಳಿದ್ದು ದಾಖಲೆ ಅಲ್ಲ."

"ಹಾಗಾದ್ರೆ ಮಾಟಿ ಹೇಳಿದ್ದನ್ನ ಬರೆಸಿ ಕೊಡ್ತೀನಿ, ಅದರ ಜೊತೆಗಿಡಿ."

"ಅದು ಹೊರಗಿನ ಕಾಗದ. ನಮ್ಮ ಸಂಗ್ರಹಕ್ಕೆ ಬರಲ್ಲ."

ಡಿಂಫ್ನಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. "ನಮ್ಮಕ್ಕನ್ನ ಎರಡು ಸಲ ಒಳಗೆ ಹಾಕಿದ್ರಿ ಅಂದ್ಕೊಂಡಿದ್ದೆ" ಎಂದಳು. "ಇದು ಮೂರನೇದು."

ಆಮೇಲೆ ಅವಳು ನಾಲ್ಕಾರು ಕಾಗದ ಬರೆದಳು. ಸಭೆಯ ಮೇಲಿನವರಿಗೆ ಬರೆದಳು, ಅವರು ದಾಖಲೆಪಾಲಕಿಯ ವಿವೇಚನೆಗೆ ಬಿಟ್ಟದ್ದು ಎಂದರು. ಮಂತ್ರಿಗೆ ಬರೆದಳು, ಅವರು ಅದು ಖಾಸಗಿ ಸಂಗ್ರಹ, ಕಾನೂನಿಲ್ಲ ಎಂದರು. ಪೆಟ್ಟಿಗೆಗಳು ಲಾರಿಯೇರಿ ರಾಜಧಾನಿಯ ಯಾವುದೋ ತಂಪಾದ ನೆಲಮಾಳಿಗೆಗೆ ಹೋದವು. ಮರುವರ್ಷ ಸಿಸ್ಟರ್ ಡೆಕ್ಲನ್ ತೀರಿಕೊಂಡಾಗ ಡಿಂಫ್ನಾ ಹೂವಿಟ್ಟು ಬಂದಳು. ನಾನು ಹೋಗಲಿಲ್ಲ.

ಕ್ರೂರಿಗಳ ಬಗ್ಗೆ ನಮ್ಮ ದೇಶ ಈಗ ಬೇಕಾದಷ್ಟು ಬರೆಯುತ್ತಿದೆ. ಬೆತ್ತ ಹಿಡಿದವರು, ಕೀಲಿ ತಿರುಗಿಸಿದವರು, ಕಾರಿನಲ್ಲಿ ಕೂರಿಸಿಕೊಂಡು ಹೋದವರು ಒಬ್ಬೊಬ್ಬರಾಗಿ ಬಯಲಿಗೆ ಬರುತ್ತಿದ್ದಾರೆ, ಬರಲಿ. ನನಗೆ ಭಯವಿರುವುದು ಮತ್ತೊಂದು ಜಾತಿಯವರ ಬಗ್ಗೆ. ಇವರು ಯಾರನ್ನೂ ಹೊಡೆದಿಲ್ಲ. ಸತ್ಯ ಇವರಿಗೆ ಗೊತ್ತು, ಮುಖಕ್ಕೆ ಹಿಡಿದು ಕೇಳಿದರೆ ಮೆಲ್ಲಗೆ ಒಪ್ಪಿಕೊಳ್ಳುತ್ತಾರೆ ಕೂಡ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಆದರೆ ಆ ಸತ್ಯ ಉಳಿಯಬೇಕಾದ ಜಾಗದಲ್ಲಿ ಸುಳ್ಳನ್ನು ಒಪ್ಪವಾಗಿ ಮಡಿಸಿಟ್ಟು, ಗೆದ್ದಲು ಹಿಡಿಯದಂತೆ, ಬೆಳಕು ತಾಗದಂತೆ, ತಮ್ಮ ಆಯುಷ್ಯವನ್ನೇ ತೆತ್ತು ಕಾಯುತ್ತಾರೆ. ಅದನ್ನು ನಿಷ್ಠೆ ಎಂದು ಕರೆದುಕೊಳ್ಳುತ್ತಾರೆ. ಇಂಥವರ ಪಶ್ಚಾತ್ತಾಪ ಗಾಳಿಗೆ, ಇವರ ಅಕ್ಷರ ಕಾಲಕ್ಕೆ. ಆ ಮಧ್ಯಾಹ್ನ ಕಿವಿಯಾರೆ ಕೇಳಿದ ನಾವೆಲ್ಲ ಇನ್ನು ಸ್ವಲ್ಪ ವರ್ಷದಲ್ಲಿ ಇರುವುದಿಲ್ಲ. ನೂರು ವರ್ಷ ತುಂಬಿದ ದಿನ ಯಾರೋ ಒಬ್ಬ ಪ್ರಾಮಾಣಿಕ ವಿದ್ಯಾರ್ಥಿ ಲಾಂಡ್ರಿಯ ಪೆಟ್ಟಿಗೆಯಲ್ಲಿ ಎರಡು ತಾರೀಖು ಕಂಡು, ಸಿಸ್ಟರುಗಳ ಪೆಟ್ಟಿಗೆಯ ಆ ಪುಟ ತೆಗೆದು, ಟೆಸ್ಸಿ ಕೀವನಿ ಎಂಬಾಕೆ ಸ್ವಇಚ್ಛೆಯಿಂದ ಬಂದು ಸ್ವಇಚ್ಛೆಯಿಂದಲೇ ಉಳಿದಳು ಎಂದು ಓದಿ, ನಂಬಿ, ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ. ಆತನಿಗೆ ಮೋಸ ಮಾಡಿದವರು ಇಂಥವರು ಎಂದು ತೋರಿಸಲು ಅಲ್ಲಿ ಒಂದು ಗೀರೂ ಇರುವುದಿಲ್ಲ.